ಪೆರೀನಳ ಮದುವೆ ಪತ್ರ

ಮಾಂಸದಂಗಡಿಯ ಅರ್ಮಾಂದ್ ಕೊಟ್ಟಿದ್ದ ಕಾಗದದ ಕಟ್ಟನ್ನು ಒದೀಲ್ ಬಿಚ್ಚಿದ್ದು ಬರೀ ದಾಕ್ಷಿಣ್ಯಕ್ಕೆ. "ನಮ್ಮಜ್ಜಿ ಪೆಟ್ಟಿಗೇಲಿತ್ತು. ಹೇಗೂ ದಿನಾ ಹಳೇ ದಾಖಲೆ ಕೆದಕ್ತೀಯಲ್ಲ, ಇದನ್ನೂ ಒಂಚೂರು ನೋಡು," ಅಂದಿದ್ದ. ಮೂರನೆಯ ಹಾಳೆಯಲ್ಲೇ ಅವಳ ಬೆರಳು ನಿಂತುಬಿಟ್ಟಿತು. ಅದು ಪೆರೀನಳ ಮದುವೆ ಪತ್ರ.

ಒಂಬತ್ತು ವರ್ಷಗಳಿಂದ ಅವಳು ಹುಡುಕುತ್ತಿದ್ದುದು ಅದನ್ನೇ. ಒಂಬೈನೂರು ವರ್ಷಗಳ ಹಿಂದೆ ಇದೇ ಊರಿನಿಂದ ನಾಡಿನ ದೊರೆಯಾಗಿದ್ದ ಡ್ಯೂಕನ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗಿ ಕಾದಿದ್ದ ಸರದಾರ ಆಸ್ಕೆಟಿಲ್‌ನ ಬದುಕನ್ನು, ನಾರ್ಮಂಡಿಯ ಮಠಗಳ ಕಡತಗಳಿಂದ ಎಳೆಎಳೆಯಾಗಿ ಹೆಕ್ಕಿ ಜೋಡಿಸಿದ್ದಳು. ಅವನ ತೊಡೆಗೆ ಬಾಣ ನಾಟಿದ್ದು, ಕುಂಟುತ್ತ ಮರಳಿದ್ದು, ಪಾಪ ಕಳೆಯಲೆಂದು ನೀರಿನ ಗಿರಣಿಯನ್ನು ಮಠಕ್ಕೆ ಬರೆದುಕೊಟ್ಟದ್ದು, ಎಲ್ಲ ಅವಳಿಗೆ ಬಾಯಿಪಾಠ. ಆ ವಂಶದ ಕೊನೆಯ ಹೆಣ್ಣು ಪೆರೀನ್ ತಮ್ಮ ಮನೆಗೇ ಸೊಸೆಯಾಗಿ ಬಂದಳೆಂದು ಒದೀಲಳ ಅಪ್ಪ ಸಾಯುವವರೆಗೂ ಹೇಳುತ್ತಿದ್ದ. ಪತ್ರ ಬೇರೆಯೇ ಹೇಳುತ್ತಿತ್ತು. ಪೆರೀನ್ ಕೈಹಿಡಿದದ್ದು ಅರ್ಮಾಂದನ ಮನೆತನದ ಒಬ್ಬ ಕಟುಕನನ್ನು.

ಒದೀಲ್ ಪತ್ರವನ್ನು ಮತ್ತೊಮ್ಮೆ ಮೊದಲಿನಿಂದ ಓದಿದಳು. ಅರ್ಮಾಂದ್ ಶಾಲೆಯಲ್ಲಿ ರಾಜರ ಹೆಸರು ಬಾರದೆ ಅವಳ ಪುಸ್ತಕ ಇಣುಕಿ ಬರೆಯುತ್ತಿದ್ದವನು. ಅಂಥವನಿಗೆ, ಬೆರಳೂ ಅಲ್ಲಾಡಿಸದೆ, ಆಸ್ಕೆಟಿಲ್ ಮುತ್ತಜ್ಜನೇ?

ಅವಳು ಅಂಗಡಿಗೆ ಹೋದಾಗ ಅರ್ಮಾಂದ್ ಹಂದಿಯ ಕರುಳಿಗೆ ರಕ್ತ, ಈರುಳ್ಳಿ ತುಂಬಿ ಸಾಸೇಜು ಕಟ್ಟುತ್ತಿದ್ದ.

"ನೀನು ಸರದಾರನ ವಂಶದವನು ಅಂತಾದ್ರೆ ಏನು ಮಾಡ್ತೀಯ?" ಎಂದಳು.

"ಈ ಸಾಸೇಜಿಗೆ ಅವನ ಹೆಸರಿಡ್ತೀನಿ. ಪಾಪ, ಅಷ್ಟು ದೂರ ಹೋಗಿ ಹೊಡೆದಾಡಿದ್ದು ಯಾತಕ್ಕಾದ್ರೂ ಬರ್ಲಿ," ಎಂದು ನಕ್ಕ.

ಆ ನಗು ಅವಳನ್ನು ಸುಟ್ಟಿತು. ಕಟ್ಟನ್ನು ತಕ್ಕಡಿಯ ಪಕ್ಕ ಇಟ್ಟಳು. "ಇದ್ರಲ್ಲಿ ಏನೂ ಇಲ್ಲ. ಬರೀ ಹಸು, ಹಂದಿ ವಿಚಾರ." ಪೆರೀನಳ ಪತ್ರ ಅವಳ ಕೈಚೀಲದಲ್ಲಿತ್ತು.

"ನಮ್ಮನೇಲಿ ಇನ್ನೇನಿರುತ್ತೆ ಬಿಡು. ನಿಮ್ಮ ಸರದಾರ ಸಿಕ್ಕಿದನಾ?"

"ಸಿಕ್ಕಿದ," ಎಂದುಬಿಟ್ಟಳು.

ಭಾನುವಾರ ಊರಿನ ಸಭಾಭವನದಲ್ಲಿ ಅವಳು ತನ್ನ ವಂಶವೃಕ್ಷ ಓದಬೇಕಿತ್ತು. ಒಳಗೆ ಕಾಲಿಡಲು ಜಾಗವಿರಲಿಲ್ಲ. ಅರ್ಮಾಂದ್ ಸರದಾರ ಸಿಕ್ಕಿದ ಸುದ್ದಿಯನ್ನು ಮಾಂಸದ ಜೊತೆಗೇ ಮನೆಮನೆಗೂ ಕಟ್ಟಿಕೊಟ್ಟಿದ್ದ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೊದಲ ಸಾಲಿನಲ್ಲಿ ಕೂತಿದ್ದವನು ಅವಳನ್ನು ಕಂಡದ್ದೇ ಎದ್ದ. ಪಕ್ಕದಲ್ಲಿದ್ದ ಮಗಳ ಭುಜ ತಟ್ಟಿದ.

"ಏಳು ಮಗಳೇ. ದೊಡ್ಡ ಮನೆತನದವರು ನಿಂತಿರುವಾಗ ನಾವು ಕೂತಿರಬಾರದು."

ಇಡೀ ಸಭೆ ಎದ್ದು ನಿಂತಿತು. ಅರ್ಮಾಂದ್ ತನ್ನ ಕುರ್ಚಿಯನ್ನು ಅಂಗಿಯ ತೋಳಿನಿಂದ ಒರೆಸಿ ಅವಳ ಕಡೆ ಸರಿಸಿದ. ಒದೀಲ್ ಅದರ ಬೆನ್ನು ಹಿಡಿದು ನಿಂತೇ ಇದ್ದಳು. ಅವಳು ಕೂರುವವರೆಗೂ ಕೂರಬಾರದೆಂದು ಅವರೆಲ್ಲ ಕಾಯುತ್ತಿದ್ದರು.