ಮುಂದೆ ಓದದ ಸ್ಕ್ರಿಪ್ಟ್

"ಸರ್, ಎಂಟರ್ ಒತ್ತಬ್ಯಾಡ್ರಿ, ಆ ಆಪ್ಷನ್ನು..." ಎಂದಳು ದೀಪಾಲಿ.

"ಗೊತ್ತದ, ಗೊತ್ತದ," ಎಂದರು ಮ್ಯಾನೇಜರ್ ಸಿದ್ದಾರೂಢ. ಯಾರ ಮಾತನ್ನೂ ನಾಲ್ಕು ಪದ ದಾಟಿ ಕೇಳುವ ಅಭ್ಯಾಸ ಅವರಿಗಿರಲಿಲ್ಲ. ಹಿಂಜವಾಡಿಯ ಆ ಸಾಫ್ಟ್‌ವೇರ್ ಆಫೀಸಿನಲ್ಲಿ ಇಡೀ ದಿನ ಮರಾಠಿ ಆಡುತ್ತಿದ್ದ ಸರ್ ದೀಪಾಲಿಯನ್ನು ಬಯ್ಯುವುದಕ್ಕೆ ಮಾತ್ರ ಕನ್ನಡಕ್ಕೆ ಇಳಿಯುತ್ತಿದ್ದರು. ಪಕ್ಕದವರಿಗೆ ತಿಳಿಯಬಾರದಲ್ಲ!

ಪರದೆಯ ಮೇಲಿದ್ದದ್ದು ಅವರೇ ಹಿಂದೊಮ್ಮೆ ಬರೆದ ಪುಟ್ಟ ಪ್ರೋಗ್ರಾಂ, ಒಂದು ಸ್ಕ್ರಿಪ್ಟ್. ಹೇಳಿದ ಫೋಲ್ಡರನ್ನು ಗುಡಿಸಿ ಖಾಲಿ ಮಾಡುವುದು ಅದರ ಕೆಲಸ. 'ಮೈನಸ್ ಎನ್' ಎಂಬ ಆಪ್ಷನ್ ಕೊಟ್ಟರೆ ಏನನ್ನೂ ಅಳಿಸದೆ ಬರೀ ಪಟ್ಟಿ ತೋರಿಸುತ್ತದೆ. ಪಟ್ಟಿ ನೋಡಲೆಂದು ಸರ್ ಒಂದು ಫೋಲ್ಡರಿನ ಹೆಸರು ಹೊಡೆದು, ಅದರ ನಂತರ ಮೈನಸ್ ಎನ್ ಹಾಕಿದ್ದರು. ಆ ಫೋಲ್ಡರಿನಲ್ಲಿ ದೀಪಾಲಿಯ ಎರಡು ತಿಂಗಳ ಟೆಸ್ಟ್ ರಿಪೋರ್ಟುಗಳಿದ್ದವು. ಅವನ್ನು ನೋಡಿಯೇ ಅವಳ ನೌಕರಿ ಖಾಯಂ ಆಗುವುದಿತ್ತು.

"ಆಪ್ಷನ್ ಮೊದಲ ಕೊಡಬೇಕ್ರಿ ಸರ್. ಫೋಲ್ಡರ್ ಹೆಸರು ಸಿಕ್ಕ ಕೂಡ್ಲೆ ಈ ಸ್ಕ್ರಿಪ್ಟ್ ಮುಂದಿಂದು ಓದೂದ ಬಿಡ್ತದ. ಸರಿ ಮಾಡ್ಲೇನ್ರಿ ಅಂತ ಹೋದ ತಿಂಗಳ ಕೇಳಿದ್ದೆ, ನೀವ..."

"ನಾ ಬರದಿದ್ದು ನನಗ ಕಲಸ್ತೀಯೇನು?" ಸರ್ ಎಂಟರ್ ಒತ್ತಿದರು.

ಪಟ್ಟಿ ಬರಲಿಲ್ಲ. ಫೋಲ್ಡರ್ ತೆರೆದರೆ ಖಾಲಿ. ಸರ್ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ನೋಡಿದರು. ಆಗಲೂ ಖಾಲಿಯೇ.

"ಬ್ಯಾಕಪ್ ಅದ ಇಲ್ಲೋ?"

"ಸರ್ವರ್ ತುಂಬತದ ಅಂತ ನೀವ ನಿಲ್ಲಿಸೀರಲ್ರಿ."

ಸರ್ ದನಿ ತಗ್ಗಿಸಿದರು. "ನೋಡವ್ವಾ, ಮ್ಯಾಲಿನವರಿಗೆ ಮೇಲ್ ಹೋಗಬೇಕು. ಮೊದಲ ಸಾಲಿಗೆ 'ಸಾರಿ' ಅಂತ ಬರಿ. ಕೆಳಗ ಹೆಂಗ ಆತು ಅಂತ ವಿವರ ಬರಿ. ನಾ ನೋಡಿ ಮುಂದ ಕಳಸ್ತೀನಿ."

ದೀಪಾಲಿ ಹೇಳಿದಂತೆಯೇ ಬರೆದಳು. ಮೊದಲ ಸಾಲು: ಸಾರಿ, ಹೀಗಾಗಬಾರದಿತ್ತು. ಅದರ ಕೆಳಗೆ ಟೈಪ್ ಮಾಡಿದವರು ಯಾರು, ಎಷ್ಟು ಗಂಟೆಗೆ, ಬೇಡವೆಂದವರು ಯಾರು, ಬ್ಯಾಕಪ್ ನಿಲ್ಲಿಸಿದವರು ಯಾರು ಎಂದು ಒಂದೂ ಬಿಡದೆ ಬರೆದಳು.

ಸರ್‌ಗೆ ಮೇಲ್ ಬಂದಿತು. ಮೊದಲ ಸಾಲು ಓದಿದ ಅವರ ಮುಖ ಅರಳಿತು. "ಶಾಬಾಸ್! ಶಾಣ್ಯಾ ಹುಡುಗಿ," ಎನ್ನುತ್ತ ಡೈರೆಕ್ಟರರ ಹೆಸರು ಸೇರಿಸಿದರು.

ದೀಪಾಲಿಗೆ ಮನಸ್ಸು ತಡೆಯಲಿಲ್ಲ. "ಸರ್, ಕೆಳಗಿಂದೂ ಒಮ್ಮೆ ಓದ್ರಿ, ಅದರಾಗ..."

"ಗೊತ್ತದ, ಗೊತ್ತದ," ಎಂದು ಸರ್ ಕಳಿಸಿಯೇಬಿಟ್ಟರು.