ಸುಮ್ಮನೆ ಬಾರಿಸಲಿಕ್ಕೆ

"ಇದೆಂಥದು ತುಕ್ರಾ, ಪಿಟೀಲಾ? ಯಾರ ಮನೆಗೆ ಹೊತ್ತುಕೊಂಡು ಹೋಗ್ಲಿಕ್ಕೆ?"

ಅಂಗಡಿಯ ಬಾಗಿಲಲ್ಲಿ ಪದ್ಮಯ್ಯ ಧನಿಗಳು ನಿಂತಿದ್ದರು. ತುಕ್ರಪ್ಪ ಆಗಷ್ಟೇ ಹಣ ಕೊಟ್ಟು, ಗಿಟಾರನ್ನು ಕಂಕುಳಲ್ಲಿ ಇರುಕಿಕೊಂಡಿದ್ದ. ಬಂಟ್ವಾಳ ಪೇಟೆಯಲ್ಲಿ ನಿಝಾಮುದ್ದೀನ್ ಬ್ಯಾರಿಯದ್ದು ಗ್ಯಾಸ್‌ಲೈಟು ಬಾಡಿಗೆಗೆ ಕೊಡುವ ಅಂಗಡಿ. ಯಾರೋ ಹಡಗಿನ ಅಡುಗೆಯವನು ಮಾರಿಹೋದ ಆ ಹಳೇ ಗಿಟಾರು ಮಳೆಗಾಲ ಪೂರ್ತಿ ಅಲ್ಲಿ ಮೊಳೆಗೆ ನೇತಾಡಿತ್ತು. ಬದಿಯಲ್ಲಿ ಸೀಳು, ಒಂದು ಬಿರಡೆ ಬೇರೆ ಮರದ್ದು. ಹಾಗಾಗಿ ಅಗ್ಗ. ಹಂಚಿನ ಕಾರ್ಖಾನೆಯಲ್ಲಿ ಜೊತೆಗೆ ದುಡಿಯುವ ಬಸ್ತ್ಯಾಂವ, ಬೆರಳು ಎಲ್ಲಿಡಬೇಕೆಂದು ತೋರಿಸುತ್ತೇನೆ ಎಂದಿದ್ದ. ಸಂಜೆ ಜಗಲಿಯಲ್ಲಿ ಕೂತು ಒಂದಿಷ್ಟು ಮೀಟಬೇಕು. ತುಕ್ರಪ್ಪನ ಆಸೆ ಅಷ್ಟೇ.

"ಯಾರ ಮನೆಗೂ ಅಲ್ಲ ಧನಿಗಳೇ. ನನಗೇ."

"ನಿನಗೆ ಎಂಥಕ್ಕೆ?"

"ಸುಮ್ಮನೆ ಬಾರಿಸಲಿಕ್ಕೆ."

ಧನಿಗಳು ಹೊಟ್ಟೆ ಕುಣಿಸಿ ನಕ್ಕರು. "ಕೇಳಿದ್ಯಾ ಬ್ಯಾರಿ? ಡೋಲಿಗೆ ಕರೆದ್ರೆ ಇವನು ಕಾರ್ಖಾನೆಯಲ್ಲಿ ರಜೆ ಇಲ್ಲ ಅಂತ ಗೊಣಗಿಕೊಂಡು ಬರ್ತಾನೆ. ಇದು ಸುಮ್ಮನೆಯಂತೆ, ಸುಮ್ಮನೆ!" ನಗು ಮುಗಿಯುವ ಮೊದಲೇ ಅವರಿಗೆ ಏನೋ ಹೊಳೆಯಿತು. "ಅಲ್ಲ, ಒಳ್ಳೆದೇ ಆಯ್ತು. ಮಗನ ಮದುವೆಗೆ ಮಂಗಳೂರಿನ ಬ್ಯಾಂಡಿನವರು ಬಾಯಿಗೆ ಬಂದ ರೇಟು ಹೇಳ್ತಾರೆ. ದಿಬ್ಬಣದ ಮುಂದೆ ನಿನ್ನಪ್ಪ ಡೋಲು ಬಾರಿಸಲಿ, ಅದರ ಮುಂದೆ ನೀನು ಇದನ್ನು ಬಾರಿಸು. ಬೀಗರು ಬಾಯಿ ಬಿಟ್ಟು ನೋಡ್ಬೇಕು! ಬ್ಯಾರಿ, ಇದರ ದುಡ್ಡು ನನ್ನ ಲೈಟಿನ ಲೆಕ್ಕಕ್ಕೆ ಸೇರಿಸು."

ನಿಝಾಮುದ್ದೀನ್ ತಡಮಾಡಲಿಲ್ಲ. ಈಗ ತಾನೇ ಕಿಸೆಗೆ ಹಾಕಿದ್ದ ನೋಟುಗಳನ್ನು ತೆಗೆದು ಮೇಜಿನ ಮೇಲೆ ದೂಡಿದ. "ತೆಗೊ ತುಕ್ರಪ್ಪ. ನಿನಗೆ ಲಾಭವೇ ಅಲ್ವಾ ಮಾರಾಯ?"

ಲಾಭವಂತೆ! ತುಕ್ರಪ್ಪನ ಮೈ ಉರಿಯಿತು. ಅವನ ಗುಡಿಸಲು ಇದ್ದದ್ದು ಧನಿಗಳ ಜಾಗದಲ್ಲಿ. ಅವರ ಮನೆಯ ಮದುವೆಗೆ, ಭೂತದ ಕೋಲಕ್ಕೆ ಡೋಲು ಬಾರಿಸುವುದು ಅಜ್ಜನ ಕಾಲದಿಂದ ಬಂದ ಚಾಕರಿ. ಕರೆ ಬಂದರೆ ಹೋಗಬೇಕು, ಜ್ವರವಿದ್ದರೂ ಹೋಗಬೇಕು. ಅವನ ತಾಯಿಯ ಪ್ರಾಣ ಹೋಗುವ ಹೊತ್ತಿಗೆ ಅಪ್ಪ ಇದೇ ಧನಿಗಳ ಅಣ್ಣನ ದಿಬ್ಬಣದ ಮುಂದೆ ಡೋಲು ಬಾರಿಸುತ್ತಿದ್ದ. ಸುದ್ದಿ ಹೇಳಲು ಓಡಿಹೋದ ತುಕ್ರಪ್ಪನನ್ನು, ದಿಬ್ಬಣ ತಲುಪುವವರೆಗೆ ಬಾಯಿ ಬಿಡಬೇಡ ಎಂದು ಮೆರವಣಿಗೆಯ ಹಿಂದೆಯೇ ತಡೆದು ನಿಲ್ಲಿಸಿದರು. ಊರಲ್ಲಿ ಇದಕ್ಕೆ ಪದ್ಧತಿ ಎಂದು ಹೆಸರು. ಈಗ ಧನಿ ದುಡ್ಡು ಕೊಟ್ಟರೆ ಗಿಟಾರು ಧನಿಯದ್ದು. ಮುಂದೆ ಅದಕ್ಕೂ ಕರೆ ಬರುತ್ತದೆ. ಮದುವೆಗೆ ಬರುತ್ತದೆ, ಸೀಮಂತಕ್ಕೆ ಬರುತ್ತದೆ, ಪೇಟೆಯಿಂದ ನೆಂಟರು ಬಂದು ಹೊತ್ತು ಹೋಗದ ದಿನವೂ ಬರುತ್ತದೆ.

"ನಾನು ದುಡ್ಡು ಕೊಟ್ಟಾಗಿದೆ ಬ್ಯಾರಿಗಳೇ. ನೀವು ಕಿಸೆಗೆ ಹಾಕಿಯೂ ಆಗಿದೆ. ಇನ್ನು ವಾಪಸಿನ ಮಾತು ಎಂಥದು?"

"ಧನಿಗಳನ್ನು ಎದುರು ಹಾಕ್ಕೊಂಡು ನಾನು ಇಲ್ಲಿ ಅಂಗಡಿ ಇಡುವುದುಂಟಾ ಮಾರಾಯ? ನಾಲ್ಕು ದಿಬ್ಬಣ ಅವರ ಕಡೆಯಿಂದಲೇ ಬರ್ಬೇಕು ನನಗೆ."

"ಹಾಗಾದ್ರೆ ನಿಮ್ಮ ಲೈಟು ಕಳಿಸಿ. ಅದರ ಜೊತೆ ನನ್ನನ್ನೂ ಯಾಕೆ ಬಾಡಿಗೆಗೆ ಕಳಿಸ್ತೀರಿ?"

ನಿಝಾಮುದ್ದೀನ್ ತಲೆ ತಗ್ಗಿಸಿ ಲೈಟಿನ ಗಾಜು ಒರೆಸತೊಡಗಿದ. ಧನಿಗಳ ನಗು ಆರಿತ್ತು.

"ಏನೋ, ಕಾರ್ಖಾನೆಯ ನಾಲ್ಕು ನಯಾಪೈಸೆ ಕಂಡ ಕೂಡ್ಲೆ ನಾಲಿಗೆ ಬೆಳೀತಾ? ನೀನು ಮಲಗುವ ನೆಲ ಯಾರದ್ದು?"

"ನಿಮ್ಮದೇ ಧನಿಗಳೇ. ಡೋಲಿಗೆ ಕರೆದಾಗ ಬಂದಿದ್ದೇನೆ. ಮಗನ ದಿಬ್ಬಣಕ್ಕೂ ಡೋಲು ಹೆಗಲಿಗೆ ಹಾಕ್ಕೊಂಡೇ ಬರ್ತೇನೆ. ಇದು ಬರುವುದಿಲ್ಲ."

"ಬರುವುದಿಲ್ಲವಾ? ನಿಮ್ಮದು ಬಾರಿಸುವ ಕುಲ. ಡೋಲಾದರೇನು, ಇದಾದರೇನು? ಕರೆದಲ್ಲಿಗೆ ಬಂದು ಬಾರಿಸಬೇಕು. ಅದು ಪದ್ಧತಿ."

ಧನಿಗಳ ದೊಡ್ಡ ದನಿಗೆ ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತರು. ಇಂಥ ಹೊತ್ತಿಗೆ ಜನರಿಗೆ ಕಣ್ಣು ಮಾತ್ರ ಇರುತ್ತದೆ. ನಾಳೆ ಗುಡಿಸಲು ಬಿಡಿಸಿದರೆ ಮುದಿ ಅಪ್ಪನನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು ಎಂದು ತುಕ್ರಪ್ಪನಿಗೆ ತಿಳಿದಿರಲಿಲ್ಲ. ಆದರೂ ಮೇಜಿನ ಮೇಲಿನ ನೋಟುಗಳನ್ನು ನಿಝಾಮುದ್ದೀನನ ಕಡೆಗೇ ಸರಿಸಿದ. ಗಿಟಾರನ್ನು ಎರಡೂ ಕೈಗಳಲ್ಲಿ ಧನಿಗಳ ಸೊಂಟದ ಮಟ್ಟಕ್ಕೆ ಹಿಡಿದ.

"ಪದ್ಧತಿ ನನಗೂ ಗೊತ್ತುಂಟು ಧನಿಗಳೇ. ಡೋಲಿಗೆ ನಿಮ್ಮ ಹಟ್ಟಿಯಲ್ಲಿ ಸತ್ತ ಜಾನುವಾರಿನ ಚರ್ಮ ಕೊಡ್ತೀರಿ. ಚರ್ಮ ನಿಮ್ಮದು, ಅದಕ್ಕೆ ಕರೆಯೂ ನಿಮ್ಮದು. ನನ್ನ ಅಜ್ಜನಿಗೆ ನಿಮ್ಮ ಅಜ್ಜ ಹೇಳಿದ್ದು ಹಾಗೇ. ಸರಿ, ಒಪ್ಪಿದೆ. ಇದರಲ್ಲಿ ನಿಮ್ಮ ಹಟ್ಟಿಯ ಚರ್ಮ ಎಲ್ಲುಂಟು? ತೋರಿಸಿ. ತೋರಿಸಿದರೆ ಇದನ್ನೂ ದಿಬ್ಬಣಕ್ಕೆ ತರ್ತೇನೆ."

ಪದ್ಮಯ್ಯ ಧನಿಗಳು ಹೆಗಲ ಶಾಲು ಸರಿಮಾಡಿಕೊಂಡರು. ಆಮೇಲೆ, ಅಷ್ಟು ಜನರ ಎದುರಿಗೆ, ತುಕ್ರಪ್ಪನ ಮುಂದೆ ನಿಜವಾಗಿಯೂ ಬಗ್ಗಿ ಗಿಟಾರಿನ ತೂತಿನೊಳಗೆ ಇಣುಕಿ ನೋಡಿದರು.