ಸ್ಪ್ರಿಂಗು

ತಲೆಯ ಮೇಲೆ ತೂಗಿಕೊಂಡು ಸಾಗುವ ಕಾರುಗಳಿಗೆ ದಿನವಿಡೀ ಕೈಯೆತ್ತಿ ಬೋಲ್ಟು ಬಿಗಿಯುವವರ ಭುಜ ನೋಯದಿರಲೆಂದು ಕಾರ್ಖಾನೆಗೆ ಹೊಸ ಸಾಧನವೊಂದು ಬಂದಿತ್ತು. ಪರೀಕ್ಷೆಗೆ ಸಿಕ್ಕಿದವನು ಚೆಲುವರಾಜು. ಇಂಜಿನಿಯರ್ ಹುಡುಗಿ ಅದನ್ನು ಅವನ ಬೆನ್ನಿಗೂ ತೋಳುಗಳಿಗೂ ಬಿಗಿದು ಕಟ್ಟಿದಳು.

“ಕರೆಂಟು, ಬ್ಯಾಟರಿ ಏನೂ ಇಲ್ಲ ಅಣ್ಣಾ, ಬರೀ ಸ್ಪ್ರಿಂಗು. ಸಡಿಲ ಬಿಟ್ರೆ ಕೈ ತಾನೇ ಮೇಲೇಳುತ್ತೆ. ಇಳಿಸೋಕೆ ಮಾತ್ರ ನೀವು ಒತ್ಬೇಕು.”

ಅಷ್ಟರಲ್ಲಿ ಸೂಪರ್‌ವೈಸರ್ ಗುಡುಗುತ್ತಲೇ ಬಂದ.

“ಬೆಳಿಗ್ಗೆ ಆ ಕಾರಿನ ಗಾಜು ಒಡೆದಿದ್ದು ಯಾರ್ರೀ? ಮರ್ಯಾದೆಯಾಗಿ ಕೈ ಎತ್ತಿ. ಇಲ್ಲಾಂದ್ರೆ ತಿಪ್ಪೇಶೀನ ಈಗ್ಲೇ ಮನೆಗೆ ಕಳಿಸ್ತೀನಿ.”

ಗಾಜಿನ ಚೂರು ಗುಡಿಸುವಾಗ ಸಿಕ್ಕಿಬಿದ್ದಿದ್ದ ತಿಪ್ಪೇಶಿ ತಲೆ ತಗ್ಗಿಸಿ ನಿಂತಿದ್ದ. ಒಡೆದವನು ಚೆಲುವರಾಜು. “ನೀನ್ ಹೋಗೋ ಮಾರಾಯ, ನಾನ್ ಗುಡಿಸ್ತೀನಿ” ಎಂದು ಅವನನ್ನು ಅಲ್ಲಿಂದ ಸಾಗಹಾಕಿದವನು ತಿಪ್ಪೇಶಿ. ಈಗಲೂ ಅವನು ಬಾಯಿ ಬಿಡಲಿಲ್ಲ, ಚೆಲುವರಾಜುವಿನ ಕಡೆ ತಿರುಗಿಯೂ ನೋಡಲಿಲ್ಲ.

ಚೆಲುವರಾಜು ಎರಡೂ ಕೈಗಳನ್ನು ತೊಡೆಗೆ ಒತ್ತಿ ಹಿಡಿದ.

ತಿಪ್ಪೇಶಿ ನಿಧಾನವಾಗಿ ಕೊರಳಿನ ಗುರುತಿನ ಚೀಟಿ ಬಿಚ್ಚತೊಡಗಿದ. ಚೆಲುವರಾಜುವಿಗೆ ಅದನ್ನು ನೋಡಲಾಗಲಿಲ್ಲ. ದೇವರೇ ಎಂದುಕೊಂಡು ಬಲಗೈಯನ್ನು ನೆಟ್ಟಗೆ ಮೇಲೆತ್ತಿದ.

ಸೂಪರ್‌ವೈಸರ್ ಅವನನ್ನೇ ದಿಟ್ಟಿಸಿದ. “ನೀನಾ?”

“ಅಯ್ಯೋ, ಅವರಲ್ಲ ಸಾರ್!” ಹುಡುಗಿ ಓಡಿ ಬಂದಳು. “ಅದು ಸ್ಪ್ರಿಂಗು, ತಾನೇ ಎದ್ದುಬಿಡುತ್ತೆ.”

ತಿಪ್ಪೇಶಿಯೊಬ್ಬನನ್ನು ಬಿಟ್ಟು ಎಲ್ಲರೂ ಗೊಳ್ಳೆಂದು ನಕ್ಕರು.

ಎತ್ತಿದ ಕೈಯನ್ನು ಒತ್ತಿ ಒತ್ತಿ ಕೆಳಗಿಳಿಸುತ್ತ, ಚೆಲುವರಾಜುವೂ ನಕ್ಕ.